ಪೊಟ್ಟಣದ ಮೇಲಿನ ಆ ಸಣ್ಣ ನಂಬರ್

ವರ್ಷಕ್ಕೆ ನಾಲ್ಕಾರು ಸಲವಾದರೂ ನಮ್ಮ ವಾಟ್ಸಾಪ್ ಗುಂಪುಗಳಿಗೆ ಇಂಥದ್ದೊಂದು ಸಂದೇಶ ಬರುತ್ತೆ: ಯಾವುದೋ ಕಂಪನಿಯ ಈರುಳ್ಳಿಯೋ, ಮಸಾಲೆ ಪುಡಿಯೋ, ಫ್ರೋಜನ್ ತಿಂಡಿಯೋ ರೀಕಾಲ್ ಆಗಿದೆ, ಯಾರೂ ತಿನ್ನಬೇಡಿ. ಅದರ ಹಿಂದೆಯೇ ಪ್ರಶ್ನೆಗಳ ಸಾಲು. "ನಮ್ಮನೇಲಿರೋದು ಅದೇನಾ?" "ಎಲ್ಲಾ ಬಿಸಾಕ್ಬೇಕಾ?" "ಹೋದ ತಿಂಗಳೇ ಅರ್ಧ ಖಾಲಿ ಆಯ್ತಲ್ಲ, ಈಗೇನ್ಮಾಡೋದು?" ಒಬ್ಬರು ಇಡೀ ಪ್ಯಾಕೆಟ್ ಕಸಕ್ಕೆ ಹಾಕ್ತಾರೆ, ಇನ್ನೊಬ್ಬರು ಏನೂ ಆಗಲ್ಲ ಬಿಡಿ ಅಂತ ಅದರಲ್ಲೇ ಒಗ್ಗರಣೆ ಹಾಕ್ತಾರೆ. ತನ್ನ ಕೈಲಿರುವ ಪ್ಯಾಕೆಟ್ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಇಬ್ಬರಿಗೂ ಗೊತ್ತಿರಲ್ಲ.

ನಿಜ ಹೇಳಬೇಕೆಂದರೆ, ಎಷ್ಟೋ ಸಲ ಅದನ್ನು ತಯಾರಿಸಿದ ಕಂಪನಿಗೂ ಗೊತ್ತಿರುವುದಿಲ್ಲ. ಯಾವ ಪೊಟ್ಟಣದಲ್ಲಿ ಯಾವ ಸರಕು ಹೋಯಿತು, ಆ ಪೊಟ್ಟಣ ಯಾವ ಅಂಗಡಿ ಸೇರಿತು ಎಂದು ಬೇಗ ಹೇಳಬಲ್ಲ ಕಂಪನಿ ನೂರು ಪೆಟ್ಟಿಗೆಗಳನ್ನು ವಾಪಸ್ ಪಡೆದು ಸುಮ್ಮನಾಗಬಹುದು. ಹೇಳಲಾಗದ ಕಂಪನಿ ಲಕ್ಷಗಟ್ಟಲೆ ಪೆಟ್ಟಿಗೆಗಳನ್ನು ವಾಪಸ್ ಪಡೆಯಬೇಕಾಗುತ್ತದೆ, ಅಷ್ಟರೊಳಗೆ ಇನ್ನಷ್ಟು ಜನ ಕಾಯಿಲೆ ಬೀಳುತ್ತಾರೆ. ಈ ವ್ಯತ್ಯಾಸ ತೀರ್ಮಾನವಾಗೋದು ರೀಕಾಲ್ ಘೋಷಣೆಯಾದ ದಿನ ಅಲ್ಲ. ಅದಕ್ಕೂ ವಾರಗಟ್ಟಲೆ ಮುಂಚೆ, ಗೋದಾಮಿನಲ್ಲಿ ಮೂಟೆ ಇಳಿಸಿದಾಗ ಯಾರೋ ಒಬ್ಬರು ಕಂಪ್ಯೂಟರಿನಲ್ಲಿ ಏನು ಬರೆದರು, ಏನು ಬರೆಯಲಿಲ್ಲ ಅನ್ನೋದರಿಂದ. ನಮ್ಮಲ್ಲಿ ಸಪ್ಲೈ ಚೈನ್, ಇಂಡಸ್ಟ್ರಿಯಲ್ ಎಂಜಿನಿಯರಿಂಗ್, ಇನ್ಫರ್ಮೇಷನ್ ಸಿಸ್ಟಮ್ಸ್ ಓದುತ್ತಿರುವವರು ಸಾಕಷ್ಟು ಜನ ಇದ್ದಾರೆ. ಆ ಓದಿಗೂ ನಮ್ಮ ಅಡುಗೆಮನೆಗೂ ಇರುವ ನಂಟನ್ನು ಈ ಲೇಖನದಲ್ಲಿ ಬಿಡಿಸಿ ನೋಡೋಣ.

ಪಿ227ಎ: ಒಂದು ಪಾಲಕ್ ಸೊಪ್ಪಿನ ಕಥೆ

2006ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದಿಂದ ಜನ ಆಸ್ಪತ್ರೆ ಸೇರತೊಡಗಿದರು. ಕಾಯಿಲೆ ಬಿದ್ದವರನ್ನು ವಿಚಾರಿಸಿದಾಗ ಎಲ್ಲರ ಊಟದಲ್ಲೂ ಕಂಡದ್ದು ಪ್ಯಾಕೆಟ್‌ನಲ್ಲಿ ಬರುವ ಹಸಿ ಪಾಲಕ್ ಸೊಪ್ಪು. ಆದರೆ ಯಾವ ಪ್ಯಾಕೆಟ್? ಯಾವ ಹೊಲದ್ದು? ಯಾವ ದಿನದ್ದು? ಅದು ಆಗ ಯಾರಿಗೂ ಗೊತ್ತಿರಲಿಲ್ಲ. ಹಾಗಾಗಿ ಸೆಪ್ಟೆಂಬರ್ 14ರಂದು ಆಹಾರ ಮತ್ತು ಔಷಧ ಆಡಳಿತ, ಅಂದರೆ ಎಫ್‌ಡಿಎ, ಪ್ಯಾಕೆಟ್ ಪಾಲಕ್ ತಿನ್ನಲೇಬೇಡಿ ಎಂದು ಇಡೀ ದೇಶಕ್ಕೆ ಹೇಳಿತು. ಮಾಡಲು ಬೇರೆ ದಾರಿಯೂ ಇರಲಿಲ್ಲ. ಅಂಗಡಿಗಳು ಸೊಪ್ಪನ್ನು ಕಪಾಟಿನಿಂದ ತೆಗೆದವು. ಏನೂ ತಪ್ಪು ಮಾಡದ ರೈತರ ಬೆಳೆಯೂ ಅದರ ಜತೆಗೇ ಹೋಯಿತು.

ಕೊನೆಗೆ ಸುಳಿವು ಸಿಕ್ಕಿದ್ದು ರೋಗಿಗಳ ಮನೆಯ ಫ್ರಿಜ್ಜಿನಲ್ಲಿ. ಅರ್ಧ ಬಳಸಿ ಇಟ್ಟಿದ್ದ ಪ್ಯಾಕೆಟ್‌ಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ಆ ಪ್ಯಾಕೆಟ್‌ಗಳ ಮೇಲೆ ಒಂದು ಪುಟ್ಟ ಕೋಡ್ ಇತ್ತು: ಪಿ227ಎ. 227 ಅಂದರೆ ವರ್ಷದ 227ನೇ ದಿನ, ಲೆಕ್ಕ ಹಾಕಿದರೆ ಆಗಸ್ಟ್ 15. ಎ ಅಂದರೆ ಆ ದಿನದ ಒಂದು ಶಿಫ್ಟ್. ಕ್ಯಾಲಿಫೋರ್ನಿಯಾದ ಸ್ಯಾನ್ ವಾನ್ ಬಟಿಸ್ಟಾ ಎಂಬ ಊರಿನ ಒಂದು ಘಟಕದಲ್ಲಿ, ಒಂದು ದಿನ, ಒಂದು ಪಾಳಿಯಲ್ಲಿ ಪ್ಯಾಕ್ ಮಾಡಿದ ಸೊಪ್ಪು ಅದು.

ಸಿಡಿಸಿ ಲೆಕ್ಕದ ಪ್ರಕಾರ 26 ರಾಜ್ಯಗಳಲ್ಲಿ 199 ಜನ ಕಾಯಿಲೆ ಬಿದ್ದರು, ಮೂವರು ತೀರಿಕೊಂಡರು. ಸಮಸ್ಯೆ ಹುಟ್ಟಿದ್ದು ಒಂದು ಪಾಳಿಯ ಸರಕಿನಲ್ಲಿ. ಅಂಗಡಿಗಳಿಂದ ಹೊರಹೋಗಿದ್ದು ಒಂದು ದೇಶದ ಸೊಪ್ಪು. ಇವೆರಡರ ನಡುವಿನ ಅಂತರವೇ ನಮ್ಮ ವಿಷಯ.

ಲಾಟ್, ಬ್ಯಾಚ್, ಸೀರಿಯಲ್ ನಂಬರ್

ಮುಂದೆ ಹೋಗುವ ಮುಂಚೆ ಮೂರು ಪದಗಳನ್ನು ತಿಳಿದುಕೊಂಡರೆ ಒಳ್ಳೆಯದು.

ಒಟ್ಟಿಗೇ ಬಂದ, ಒಂದೇ ಮೂಲದ, ಒಂದೇ ಗುಣದ್ದು ಎಂದು ನಂಬಬಹುದಾದ ಸರಕಿನ ಗುಂಪು ಲಾಟ್. ಒಬ್ಬ ವ್ಯಾಪಾರಿಯಿಂದ ಒಂದು ದಿನ ಒಂದೇ ಲಾರಿಯಲ್ಲಿ ಬಂದ 20 ಮೂಟೆ ಮೆಣಸಿನಕಾಯಿ ಒಂದು ಲಾಟ್. ಒಂದೇ ಸಲಕ್ಕೆ ಯಂತ್ರಕ್ಕೆ ಹಾಕಿ ತಯಾರಿಸಿದ್ದು ಬ್ಯಾಚ್. ಎಷ್ಟೋ ಕಡೆ ಈ ಎರಡೂ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತಾರೆ, ತಪ್ಪೇನಿಲ್ಲ. ಒಂದೊಂದು ವಸ್ತುವಿಗೂ ಬೇರೆ ಬೇರೆ ನಂಬರ್ ಕೊಟ್ಟರೆ ಅದು ಸೀರಿಯಲ್ ನಂಬರ್. ಲ್ಯಾಪ್‌ಟಾಪ್, ಕಾರು, ಹೃದಯಕ್ಕೆ ಹಾಕುವ ಪೇಸ್‌ಮೇಕರ್ ಇವೆಲ್ಲ ಈ ಜಾತಿಗೆ ಸೇರಿದವು.

ಈ ನಂಬರುಗಳನ್ನೆಲ್ಲ ಹಿಡಿದಿಡುವ ಸಾಫ್ಟ್‌ವೇರಿಗೆ ಇಆರ್‌ಪಿ ಅನ್ನುತ್ತಾರೆ. ಖರೀದಿ, ಗೋದಾಮು, ತಯಾರಿ, ಗುಣಮಟ್ಟ ಪರೀಕ್ಷೆ, ಮಾರಾಟ, ಲೆಕ್ಕಪತ್ರ ಎಲ್ಲವನ್ನೂ ಒಂದೇ ಡೇಟಾಬೇಸಿನ ಮೇಲೆ ನಡೆಸುವ ವ್ಯವಸ್ಥೆ ಅದು. 1972ರಲ್ಲಿ ಜರ್ಮನಿಯಲ್ಲಿ ಶುರುವಾದ ಸ್ಯಾಪ್ ಇವುಗಳಲ್ಲಿ ದೊಡ್ಡ ಹೆಸರು. ಒರಾಕಲ್, ಮೈಕ್ರೋಸಾಫ್ಟ್ ಕಂಪನಿಗಳೂ ಇಂಥವನ್ನು ಮಾರುತ್ತವೆ. ಸಣ್ಣ ಕಂಪನಿಗಳಿಗೆ ಒಡೂ ಇದೆ, ಮುಂಬೈಯವರು ಕಟ್ಟಿದ, ಓಪನ್ ಸೋರ್ಸ್ ಆಗಿರುವ ಇಆರ್‌ಪಿನೆಕ್ಸ್ಟ್ ಇದೆ. ಸ್ಯಾಪ್‌ನ ದೊಡ್ಡ ಅಭಿವೃದ್ಧಿ ಕೇಂದ್ರ ಇರೋದು ನಮ್ಮ ಬೆಂಗಳೂರಿನಲ್ಲೇ. ಹಾಗಾಗಿ ಅಮೆರಿಕದ ಯಾವುದೋ ಕಾರ್ಖಾನೆಯ ಲಾಟ್ ನಂಬರ್ ಓಡಾಡುವ ಸಾಫ್ಟ್‌ವೇರಿನಲ್ಲಿ ವೈಟ್‌ಫೀಲ್ಡಿನಲ್ಲಿ ಕೂತು ಯಾರೋ ಬರೆದ ಕೋಡ್ ಇರಬಹುದು.

ಒಂದು ಸಾಂಬಾರ್ ಪುಡಿ ಕಾರ್ಖಾನೆಯೊಳಗೆ

ಇದು ಹೇಗೆ ಕೆಲಸ ಮಾಡುತ್ತೆ ಅಂತ ಅರ್ಥವಾಗೋಕೆ ನಾವೇ ಒಂದು ಸಾಂಬಾರ್ ಪುಡಿ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಅಂಕಿಗಳು ಲೆಕ್ಕಕ್ಕೆ ಸುಲಭವಾಗಲಿ ಅಂತ ಹಾಕಿಕೊಂಡವು.

ಈ ಕಾರ್ಖಾನೆಯಲ್ಲಿ ತಿಂಗಳಿಗೆ 30 ಬ್ಯಾಚ್ ಪುಡಿ ಆಗುತ್ತೆ. ಒಂದು ಬ್ಯಾಚ್ 500 ಕಿಲೋ, ಅಂದರೆ 200 ಗ್ರಾಮಿನ 2,500 ಪ್ಯಾಕೆಟ್. ತಿಂಗಳಿಗೆ ಒಟ್ಟು 75,000 ಪ್ಯಾಕೆಟ್. ಪ್ರತಿ ಬ್ಯಾಚಿಗೆ 100 ಕಿಲೋ ಮೆಣಸಿನಕಾಯಿ ಬೇಕು. ಈ ತಿಂಗಳು ಮೆಣಸಿನಕಾಯಿ ಹಲವು ಲಾಟ್‌ಗಳಲ್ಲಿ ಬಂದಿದೆ. ಎರಡನೇ ಲಾಟ್ 600 ಕಿಲೋ ಇತ್ತು, ಅದು 9ರಿಂದ 14ನೇ ಬ್ಯಾಚಿನವರೆಗೆ ಹೋಯಿತು.

ಮೆಣಸಿನಕಾಯಿ ಗೋದಾಮಿಗೆ ಬಂದಾಗ ಅಲ್ಲಿನವರು ವ್ಯಾಪಾರಿಯ ಹೆಸರು, ಅವರ ಲಾಟ್ ನಂಬರ್, ತೂಕ, ದಿನಾಂಕ ಎಲ್ಲವನ್ನೂ ದಾಖಲಿಸಿ ಒಂದು ಸ್ಟಿಕರ್ ಅಂಟಿಸುತ್ತಾರೆ. ಸರಕು ಇನ್ನೂ 'ತಡೆಹಿಡಿದದ್ದು' ಎಂಬ ಸ್ಥಿತಿಯಲ್ಲಿರುತ್ತೆ. ಮಾದರಿ ಲ್ಯಾಬಿಗೆ ಹೋಗಿ, ವರದಿ ಬಂದು, ಗುಣಮಟ್ಟ ವಿಭಾಗದವರು ಒಪ್ಪಿದ ಮೇಲಷ್ಟೇ ಅದು 'ಬಳಸಬಹುದು' ಆಗುತ್ತೆ. ತಯಾರಿ ವಿಭಾಗದವರು ಮೂಟೆಯ ಸ್ಟಿಕರ್ ಸ್ಕ್ಯಾನ್ ಮಾಡಿಯೇ ಯಂತ್ರಕ್ಕೆ ಸುರಿಯಬೇಕು. ಹಾಗಾಗಿ 9ನೇ ಬ್ಯಾಚಿನೊಳಗೆ ಯಾವ ಮೆಣಸಿನಕಾಯಿ, ಯಾವ ಕೊತ್ತಂಬರಿ ಬೀಜ, ಯಾವ ಮೆಂತ್ಯ, ಯಾವ ಇಂಗು ಹೋಯಿತು ಅನ್ನೋದು ತಾನಾಗೇ ಬರೆದುಕೊಳ್ಳುತ್ತೆ. ಪ್ಯಾಕ್ ಮಾಡುವಾಗ ಪೊಟ್ಟಣದ ಮೇಲೂ ಪೆಟ್ಟಿಗೆಯ ಮೇಲೂ ಬ್ಯಾಚ್ ನಂಬರ್ ಬೀಳುತ್ತೆ. ಲಾರಿಗೆ ಹತ್ತಿಸುವಾಗ ಯಾವ ಬ್ಯಾಚಿನ ಎಷ್ಟು ಪೆಟ್ಟಿಗೆ ಯಾವ ವಿತರಕರಿಗೆ ಹೋಯಿತು ಅನ್ನೋದೂ ಇನ್‌ವಾಯ್ಸ್ ಜತೆಗೇ ಸೇರಿಕೊಳ್ಳುತ್ತೆ.

ಈಗ ಒಂದು ದಿನ ಗ್ರಾಹಕರಿಂದ ದೂರು ಬರುತ್ತೆ. ಪರೀಕ್ಷಿಸಿದರೆ 11ನೇ ಬ್ಯಾಚಿನ ಪ್ಯಾಕೆಟ್‌ನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಸಾಫ್ಟ್‌ವೇರಿನಲ್ಲಿ ಮೊದಲು ಹಿಂದಕ್ಕೆ ಹುಡುಕುತ್ತೇವೆ: 11ನೇ ಬ್ಯಾಚಿಗೆ ಏನೇನು ಹೋಗಿತ್ತು? ಸಂಶಯ ಮೆಣಸಿನಕಾಯಿಯ ಎರಡನೇ ಲಾಟಿನ ಮೇಲೆ. ಆಮೇಲೆ ಮುಂದಕ್ಕೆ ಹುಡುಕುತ್ತೇವೆ: ಆ ಲಾಟ್ ಇನ್ನೆಲ್ಲಿ ಹೋಯಿತು? 9ರಿಂದ 14, ಒಟ್ಟು ಆರು ಬ್ಯಾಚ್. 15,000 ಪ್ಯಾಕೆಟ್. ಅದರಲ್ಲಿ 4,000 ಇನ್ನೂ ಗೋದಾಮಿನಲ್ಲೇ ಇವೆ, ತಕ್ಷಣ ತಡೆಹಿಡಿಯಬಹುದು. ಉಳಿದ 11,000 ಮೂವರು ವಿತರಕರ ಹತ್ತಿರ ಹೋಗಿವೆ, ಮೂರು ಫೋನ್ ಕರೆ ಸಾಕು.

ದಾಖಲೆ ಇಲ್ಲದಿದ್ದರೆ? ಮೆಣಸಿನಕಾಯಿ ಎಲ್ಲವನ್ನೂ ಒಂದೇ ರಾಶಿಗೆ ಸುರಿದಿದ್ದರೆ? ಆಗ 75,000 ಪ್ಯಾಕೆಟ್ ಪೂರ್ತಿ ಸಂಶಯಕ್ಕೆ ಬೀಳುತ್ತೆ. ಹಿಂದಿನ ತಿಂಗಳಿನ ರಾಶಿ ಪೂರ್ತಿ ಖಾಲಿಯಾಗದೇ ಇದ್ದರೆ ಹಿಂದಿನ ತಿಂಗಳಿನದ್ದೂ ಬೀಳುತ್ತೆ.

ಇಲ್ಲಿ ಇನ್ನೊಂದು ಲೆಕ್ಕ ಬಹಳ ಮುಖ್ಯ. ಎರಡನೇ ಲಾಟ್ ಬಂದಿದ್ದು 600 ಕಿಲೋ, ಆರು ಬ್ಯಾಚಿಗೆ ಹೋಗಿದ್ದು 600 ಕಿಲೋ. ಸರಿ ಹೊಂದಿತು. ಆದರೆ ದಾಖಲೆಯಲ್ಲಿ 540 ಕಿಲೋ ಮಾತ್ರ ಕಂಡರೆ ಉಳಿದ 60 ಕಿಲೋ ಎಲ್ಲಿ? ಗೋದಾಮಿನ ಮೂಲೆಯಲ್ಲಿದೆಯಾ, ರಸಂ ಪುಡಿಗೆ ಹೋಯಿತಾ, ಹಾಳಾಗಿ ಬಿಸಾಕಿದ್ದಾ? ಅದು ಗೊತ್ತಾಗುವ ತನಕ ರೀಕಾಲ್ ಮುಗಿಯಿತು ಅಂತ ಯಾರೂ ಧೈರ್ಯವಾಗಿ ಹೇಳಲಾರರು. ಒಳಗೆ ಬಂದ ತೂಕ, ಹೊರಗೆ ಹೋದ ತೂಕ, ಉಳಿದ ತೂಕ, ನಷ್ಟವಾದ ತೂಕ, ಈ ನಾಲ್ಕೂ ತಾಳೆಯಾಗಬೇಕು. ನಮ್ಮೂರಿನ ದಿನಸಿ ಅಂಗಡಿಯ ಶೆಟ್ಟರು ಸಂಜೆ ಕೂತು ಹಾಕುವ ಲೆಕ್ಕವೂ ಇದೇ ತಾನೇ.

ಸರಪಳಿ ಎಲ್ಲಿ ಕಡಿಯುತ್ತೆ?

ಇಷ್ಟು ಸುಲಭವಾಗಿದ್ದರೆ ದೊಡ್ಡ ದೊಡ್ಡ ರೀಕಾಲ್ ಯಾಕೆ ಆಗುತ್ತವೆ? ಯಾಕೆಂದರೆ ಸಾಫ್ಟ್‌ವೇರಿಗೆ ಗೊತ್ತಿರೋದು ಅದಕ್ಕೆ ಹೇಳಿದ್ದಷ್ಟೇ.

ಅದೇ ಕಾರ್ಖಾನೆಯಲ್ಲಿ 14ನೇ ಬ್ಯಾಚ್ ಪ್ಯಾಕ್ ಮಾಡಿದ ಮೇಲೆ 20 ಕಿಲೋ ಪುಡಿ ಉಳಿಯಿತು ಅಂದುಕೊಳ್ಳಿ. ಬಿಸಾಕೋದ್ಯಾಕೆ ಅಂತ ಅದನ್ನು 15ನೇ ಬ್ಯಾಚಿಗೆ ಸೇರಿಸಿದರು. ಇದಕ್ಕೆ ರೀವರ್ಕ್ ಅನ್ನುತ್ತಾರೆ, ತಪ್ಪು ಕೆಲಸವೇನಲ್ಲ. ಆದರೆ ಅದನ್ನು ದಾಖಲಿಸಲಿಲ್ಲ. ಕಂಪ್ಯೂಟರ್ ಆರು ಬ್ಯಾಚ್ ಅನ್ನುತ್ತೆ, ನಿಜದಲ್ಲಿ ಏಳು. ರೀಕಾಲ್ ಮುಗಿಯಿತು ಅಂತ ಎಲ್ಲರೂ ನಿರಾಳವಾದ ಮೇಲೂ 2,500 ಪ್ಯಾಕೆಟ್ ಜನರ ಮನೆಯಲ್ಲೇ ಇರುತ್ತೆ. ದಾಖಲೆ ಇಲ್ಲದ ಕಾರ್ಖಾನೆ ತನಗೆ ಗೊತ್ತಿಲ್ಲ ಅಂತ ಹೆದರಿ ಎಲ್ಲವನ್ನೂ ವಾಪಸ್ ಪಡೆಯಬಹುದು. ಅರ್ಧ ದಾಖಲೆ ಇರುವ ಕಾರ್ಖಾನೆ ತನಗೆ ಗೊತ್ತಿದೆ ಅಂತ ನಂಬಿಕೊಂಡು ಅಲ್ಲಿಗೇ ನಿಲ್ಲಿಸಿಬಿಡುತ್ತೆ. ಎರಡನೆಯದೇ ಹೆಚ್ಚು ಅಪಾಯ.

ಮಸಾಲೆ ಪದಾರ್ಥಗಳಲ್ಲಿ ಈ ಸರಪಳಿ ಬಹಳ ಉದ್ದ. ರೈತ, ಮಂಡಿ, ವ್ಯಾಪಾರಿ, ರಫ್ತುದಾರ, ಆಮದುದಾರ, ಪುಡಿ ಮಾಡುವವರು, ಮಿಶ್ರಣ ಮಾಡುವವರು, ಆಮೇಲೆ ಆ ಮಿಶ್ರಣವನ್ನು ತಮ್ಮ ಆಹಾರಕ್ಕೆ ಹಾಕುವವರು. 2014ರ ಕೊನೆ ಮತ್ತು 2015ರಲ್ಲಿ ಅಮೆರಿಕದಲ್ಲಿ ಜೀರಿಗೆ ಪುಡಿಯೊಳಗೆ ಕಡಲೆಕಾಯಿಯ ಅಂಶ ಪತ್ತೆಯಾಯಿತು. ನಮಗೆ ಕಡಲೆಕಾಯಿ ಅಂದರೆ ಬಸವನಗುಡಿ ಪರಿಷೆ ನೆನಪಾಗಬಹುದು, ಆದರೆ ಅಲರ್ಜಿ ಇರುವವರಿಗೆ ಅದು ಪ್ರಾಣಕ್ಕೇ ಕುತ್ತು. ಆ ಜೀರಿಗೆ ಮಸಾಲೆ ಮಿಶ್ರಣಗಳಿಗೆ ಹೋಗಿತ್ತು, ಮಿಶ್ರಣಗಳು ಮಾಂಸಕ್ಕೆ, ಸೂಪಿಗೆ, ರೆಡಿಮೇಡ್ ಊಟಕ್ಕೆ ಹೋಗಿದ್ದವು. ಒಂದಾದ ಮೇಲೊಂದು ರೀಕಾಲ್ ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಎಫ್‌ಡಿಎ, ಕಡಲೆಕಾಯಿಗೆ ತೀವ್ರ ಅಲರ್ಜಿ ಇರುವವರು ಜೀರಿಗೆ ಪುಡಿ ಇರುವ ಆಹಾರದಿಂದ ದೂರ ಇರುವುದು ಒಳ್ಳೆಯದು ಎಂದು ಹೇಳಬೇಕಾಯಿತು. ಪಾಲಕ್ ಕಥೆಯೇ ಮತ್ತೆ: ಯಾವುದು ಅಂತ ಹೇಳಲಾಗದಿದ್ದಾಗ ಎಲ್ಲವನ್ನೂ ಬಿಡಿ ಅನ್ನಬೇಕಾಗುತ್ತೆ.

ವಾಲ್‌ಮಾರ್ಟ್ ಮತ್ತು ಐಬಿಎಂ ಮಾಡಿದ ಮಾವಿನಹಣ್ಣಿನ ಪ್ರಯೋಗದ ಬಗ್ಗೆ ನಿಮ್ಮಲ್ಲಿ ಕೆಲವರು ಕ್ಲಾಸಿನಲ್ಲಿ ಕೇಳಿರಬಹುದು. ಹೆಚ್ಚಿದ ಮಾವಿನಹಣ್ಣಿನ ಒಂದು ಡಬ್ಬಿ ಯಾವ ತೋಟದಿಂದ ಬಂತು ಅಂತ ಹಳೆಯ ರೀತಿಯಲ್ಲಿ ಹುಡುಕಲು ಆರು ದಿನ, 18 ಗಂಟೆ, 26 ನಿಮಿಷ ಬೇಕಾಯಿತು. ಬ್ಲಾಕ್‌ಚೈನ್ ವ್ಯವಸ್ಥೆಯಲ್ಲಿ ಅದೇ ಉತ್ತರ 2.2 ಸೆಕೆಂಡಿನಲ್ಲಿ ಸಿಕ್ಕಿತು. ಕೇಳೋಕೆ ಮ್ಯಾಜಿಕ್ ಥರ ಇದೆ ಅಲ್ವಾ? ಆದರೆ 2.2 ಸೆಕೆಂಡ್ ಅನ್ನೋದು ಹುಡುಕೋಕೆ ಹಿಡಿದ ಸಮಯ. ತೋಟದವರು, ಪ್ಯಾಕ್ ಮಾಡುವವರು, ಸಾಗಿಸುವವರು ಒಬ್ಬೊಬ್ಬರೂ ತಮ್ಮ ಹಂತದಲ್ಲಿ ಮಾಹಿತಿ ತುಂಬಿದ್ದರಿಂದಲೇ ಅದು ಸಾಧ್ಯವಾಯಿತು. ಹಾಗೆ ತುಂಬಿದ್ದರೆ ಸಾಮಾನ್ಯ ಡೇಟಾಬೇಸಿನಿಂದಲೂ ಬೇಗ ಉತ್ತರ ಬರುತ್ತೆ. ತುಂಬದಿದ್ದರೆ ಯಾವ ತಂತ್ರಜ್ಞಾನದಿಂದಲೂ ಬರಲ್ಲ.

ತಡೆಹಿಡಿಯುವ ಬಟನ್ ಯಾರ ಕೈಯಲ್ಲಿ?

ರೀಕಾಲ್ ಚೆನ್ನಾಗಿ ನಡೆಸೋದಕ್ಕಿಂತ ರೀಕಾಲ್ ಆಗದಂತೆ ನೋಡಿಕೊಳ್ಳೋದು ಮೇಲು. ಇಆರ್‌ಪಿಯ ಹೆಚ್ಚು ಬೆಲೆಬಾಳುವ ಕೆಲಸ ಬಹುಶಃ ಇದೇ: ಲ್ಯಾಬ್ ವರದಿ ಬರದ ಸರಕಿಗೆ ಇನ್‌ವಾಯ್ಸ್ ಹಾಕಲು ಹೋದರೆ ಸಾಧ್ಯವಿಲ್ಲ ಅನ್ನುವುದು.

ಜಾರ್ಜಿಯಾ ರಾಜ್ಯದಲ್ಲಿ ಘಟಕ ಹೊಂದಿದ್ದ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕಾ ಕಂಪನಿಯ ಪ್ರಕರಣ ಇದಕ್ಕೆ ದೊಡ್ಡ ಪಾಠ. 2008-09ರಲ್ಲಿ ಅಲ್ಲಿನ ಕಡಲೆಕಾಯಿ ಪೇಸ್ಟಿನಿಂದ ಹರಡಿದ ಸಾಲ್ಮೊನೆಲ್ಲಾದಿಂದ 700ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಒಂಬತ್ತು ಜನ ಸತ್ತರು. ಆ ಪೇಸ್ಟ್ ಬಿಸ್ಕತ್ತು, ಐಸ್ ಕ್ರೀಮ್, ಕೊನೆಗೆ ಸಾಕುಪ್ರಾಣಿಗಳ ಆಹಾರಕ್ಕೂ ಹೋಗಿದ್ದರಿಂದ ಸಾವಿರಾರು ಬಗೆಯ ಉತ್ಪನ್ನಗಳು ರೀಕಾಲ್ ಆದವು. ಕೋರ್ಟಿನಲ್ಲಿ ಸಾಬೀತಾದದ್ದೇನೆಂದರೆ, ಗುಣಮಟ್ಟದ ಸುಳ್ಳು ಪ್ರಮಾಣಪತ್ರ ಕೊಟ್ಟು ಸರಕು ಸಾಗಿಸಿದ್ದರು. 2015ರಲ್ಲಿ ಅದರ ಮುಖ್ಯಸ್ಥನಿಗೆ 28 ವರ್ಷ ಜೈಲು ಶಿಕ್ಷೆಯಾಯಿತು.

ಸುಳ್ಳು ಹೇಳಬೇಕೆಂದು ನಿರ್ಧರಿಸಿದವರನ್ನು ಯಾವ ಸಾಫ್ಟ್‌ವೇರೂ ತಡೆಯಲಾರದು. ಆದರೆ ಸುಳ್ಳನ್ನು ಕಷ್ಟವಾಗಿಸಬಹುದು. ಸರಕು ಬಿಡುಗಡೆ ಮಾಡುವ ಅಧಿಕಾರ ಮಾರಾಟ ವಿಭಾಗದವರ ಲಾಗಿನ್‌ಗೆ ಇರಬಾರದು, ಗುಣಮಟ್ಟ ವಿಭಾಗಕ್ಕೆ ಮಾತ್ರ ಇರಬೇಕು. ಯಾರು, ಯಾವಾಗ, ಏನನ್ನು ಬದಲಿಸಿದರು ಅನ್ನೋದು ಅಳಿಸಲಾಗದಂತೆ ಉಳಿಯಬೇಕು. ಲ್ಯಾಬಿನ ಫಲಿತಾಂಶವನ್ನು ಯಾರೋ ಕೈಯಲ್ಲಿ ಟೈಪ್ ಮಾಡುವ ಬದಲು ಲ್ಯಾಬಿನ ವ್ಯವಸ್ಥೆಯಿಂದ ನೇರವಾಗಿ ಬರಬೇಕು. ತಿಂಗಳ ಕೊನೆಯಲ್ಲಿ, ಮಾರಾಟದ ಗುರಿ ಮುಟ್ಟಬೇಕಾದ ಒತ್ತಡದಲ್ಲಿ, ಇವತ್ತೊಂದು ದಿನ ಬಿಟ್ಬಿಡಪ್ಪಾ ಅಂತ ಯಾರಾದರೂ ಕೇಳಿದಾಗ ಈ ನಿಯಮಗಳು ಕೆಲಸಕ್ಕೆ ಬರುತ್ತವೆ.

ಅಂಗಡಿಯ ಕಪಾಟಿನಿಂದ ನಮ್ಮ ಮನೆಗೆ

ಕಂಪನಿ ತನ್ನ ಕೆಲಸ ಸರಿಯಾಗಿ ಮಾಡಿದರೂ ಸರಪಳಿ ಅಂಗಡಿಯಲ್ಲಿ ಕಡಿಯಬಹುದು. 2023ರ ಅಕ್ಟೋಬರ್‌ನಲ್ಲಿ ಮಕ್ಕಳು ತಿನ್ನುವ, ದಾಲ್ಚಿನ್ನಿ ಹಾಕಿದ ಸೇಬಿನ ಪ್ಯೂರಿ ಪೌಚ್‌ಗಳಲ್ಲಿ ಸೀಸ ಸಿಕ್ಕಿತು. ನೂರಾರು ಮಕ್ಕಳು ಇದರಿಂದ ತೊಂದರೆಗೊಳಗಾದರು. ಮೂಲ ಹುಡುಕಿದಾಗ ಸಿಕ್ಕಿದ್ದು ಎಕ್ವಡಾರ್‌ನಲ್ಲಿ ಪುಡಿ ಮಾಡಿದ ದಾಲ್ಚಿನ್ನಿ. ಉತ್ಪಾದಕರು ರೀಕಾಲ್ ಘೋಷಿಸಿದರು. ಆದರೂ ಡಿಸೆಂಬರ್‌ನಲ್ಲೂ ಡಾಲರ್ ಟ್ರೀ ಸರಣಿಯ ಕೆಲವು ಅಂಗಡಿಗಳ ಕಪಾಟಿನಲ್ಲಿ ಆ ಪೌಚ್‌ಗಳು ಇದ್ದವು. 2024ರಲ್ಲಿ ಎಫ್‌ಡಿಎ ಆ ಕಂಪನಿಗೆ ಎಚ್ಚರಿಕೆ ಪತ್ರ ಬರೆಯಿತು. ಇಮೇಲ್ ಕಳಿಸಿದರೆ ಕಪಾಟು ಖಾಲಿಯಾಗಲ್ಲ. ಯಾರೋ ಒಬ್ಬರು ಹೋಗಿ ತೆಗೆಯಬೇಕು, ತೆಗೆದೆ ಅಂತ ಹೇಳಬೇಕು, ಹೇಳದ ಅಂಗಡಿಗೆ ಮತ್ತೆ ಫೋನ್ ಮಾಡಬೇಕು. ಒಳ್ಳೆಯ ರೀಕಾಲ್ ಸಾಫ್ಟ್‌ವೇರ್ ಈ ಉತ್ತರ ಬರದವರ ಪಟ್ಟಿಯನ್ನೇ ದಿನವೂ ಮುಂದಿಡುತ್ತೆ.

ಬಿಲ್ಲಿಂಗ್ ಕೌಂಟರಿನಲ್ಲೇ ತಡೆಯಬಹುದಲ್ಲ ಅಂತ ನಿಮಗೆ ಅನ್ನಿಸಬಹುದು. ತಡೆಯಬಹುದು, ಆದರೆ ಒಂದು ತೊಡಕಿದೆ. ಪೊಟ್ಟಣದ ಮೇಲಿನ ಪಟ್ಟೆ ಪಟ್ಟೆ ಬಾರ್‌ಕೋಡ್ 1974ರಲ್ಲಿ ಒಹಾಯೊದ ಒಂದು ಅಂಗಡಿಯಲ್ಲಿ ಚ್ಯೂಯಿಂಗ್ ಗಮ್ಮಿನಿಂದ ಶುರುವಾಯಿತು. ಅದು ಹೇಳೋದು ಇದು ಯಾವ ವಸ್ತು ಅಂತ ಮಾತ್ರ. ಯಾವ ಲಾಟ್ ಅಂತ ಹೇಳಲ್ಲ. 9ನೇ ಬ್ಯಾಚಿನ ಸಾಂಬಾರ್ ಪುಡಿಗೂ 20ನೇ ಬ್ಯಾಚಿನ ಪುಡಿಗೂ ಬಾರ್‌ಕೋಡ್ ಒಂದೇ. ಹಾಗಾಗಿ ತಡೆದರೆ ಒಳ್ಳೆಯದನ್ನೂ ತಡೆಯಬೇಕು. ಲಾಟ್ ನಂಬರ್, ಅವಧಿ ಮುಗಿಯುವ ದಿನಾಂಕ ಎರಡನ್ನೂ ಹೊತ್ತ ಕ್ಯೂಆರ್ ಮಾದರಿಯ ಕೋಡನ್ನು ಕೌಂಟರಿನಲ್ಲಿ ಓದುವಂತಾಗಬೇಕು ಎಂದು ಬಾರ್‌ಕೋಡ್ ನಿಯಮಗಳನ್ನು ರೂಪಿಸುವ ಜಿಎಸ್1 ಸಂಸ್ಥೆ 2027ರ ಗುರಿ ಇಟ್ಟುಕೊಂಡಿದೆ. ಅದು ಬಂದರೆ ಸಂಶಯದ ಬ್ಯಾಚಿನ ಪೊಟ್ಟಣವಷ್ಟೇ ಕೌಂಟರಿನಲ್ಲಿ ನಿಲ್ಲುತ್ತೆ.

ಮಾರಿ ಆದ ಮೇಲೆ? ಸದಸ್ಯತ್ವ ಕಾರ್ಡಿನ ಮೇಲೆ ನಡೆಯುವ ಕಾಸ್ಕೋದಂಥ ಅಂಗಡಿಗಳಿಗೆ ಯಾರು ಏನು ಕೊಂಡರು ಅಂತ ಗೊತ್ತು, ಹಾಗಾಗಿ ಕೊಂಡವರಿಗೇ ತಿಳಿಸಬಲ್ಲವು. 2009-10ರಲ್ಲಿ 44 ರಾಜ್ಯಗಳಲ್ಲಿ 272 ಜನರನ್ನು ಕಾಡಿದ ಸಾಲ್ಮೊನೆಲ್ಲಾ ಪ್ರಕರಣದಲ್ಲಿ ತನಿಖೆ ಮಾಡುವವರು ರೋಗಿಗಳ ಒಪ್ಪಿಗೆ ಪಡೆದು ಅವರ ಶಾಪಿಂಗ್ ಕಾರ್ಡ್ ದಾಖಲೆಗಳನ್ನು ನೋಡಿದರು. ತಾವು ಏನು ತಿಂದೆವು ಅಂತ ಜನಕ್ಕೆ ನೆನಪಿರಲಿಲ್ಲ, ಕಾರ್ಡಿಗೆ ನೆನಪಿತ್ತು. ಸಲಾಮಿ ಎಂಬ ಮಾಂಸದ ತಿನಿಸು ಸಿಕ್ಕಿತು, ಅದರೊಳಗಿಂದ ಅದಕ್ಕೆ ಹಚ್ಚಿದ್ದ ಕಾಳುಮೆಣಸು ಮತ್ತು ಕೆಂಪು ಮೆಣಸಿನಕಾಯಿ ಸಿಕ್ಕಿದವು.

ಕಾನೂನು ಏನು ಕೇಳುತ್ತೆ?

ಅಮೆರಿಕದಲ್ಲಿ 2002ರ ಕಾನೂನಿನಿಂದ ಶುರುವಾದ ನಿಯಮ ಸರಳ: ಆಹಾರ ಯಾರಿಂದ ಬಂತು, ಯಾರಿಗೆ ಹೋಯಿತು, ಹಿಂದೆ ಒಂದು ಹೆಜ್ಜೆ, ಮುಂದೆ ಒಂದು ಹೆಜ್ಜೆ ಗೊತ್ತಿರಬೇಕು. ತೊಂದರೆ ಏನೆಂದರೆ, ಹತ್ತು ಹೆಜ್ಜೆಯ ಸರಪಳಿಯಲ್ಲಿ ಹತ್ತು ಕಂಪನಿಯನ್ನು ಒಂದೊಂದಾಗಿ ಕೇಳಬೇಕು, ಒಬ್ಬರ ಹತ್ತಿರ ಎಕ್ಸೆಲ್, ಇನ್ನೊಬ್ಬರ ಹತ್ತಿರ ಕಾಗದದ ಬಿಲ್ಲು.

2011ರ ಜನವರಿಯಲ್ಲಿ ಬಂದ ಆಹಾರ ಸುರಕ್ಷತಾ ಆಧುನೀಕರಣ ಕಾಯ್ದೆ ಎಫ್‌ಡಿಎಗೆ ಆಹಾರದ ರೀಕಾಲನ್ನು ಕಡ್ಡಾಯ ಮಾಡುವ ಅಧಿಕಾರ ಕೊಟ್ಟಿತು. ಆದರೂ ಇಂದಿಗೂ ಹೆಚ್ಚಿನ ರೀಕಾಲ್‌ಗಳನ್ನು ಕಂಪನಿಗಳೇ ತಾವಾಗಿ ಮಾಡುತ್ತವೆ. ಅದೇ ಕಾಯ್ದೆಯಡಿ 2022ರಲ್ಲಿ ಜಾಡು ಹಿಡಿಯುವ ನಿಯಮ ಬಂತು. ಸೊಪ್ಪು, ಮೊಟ್ಟೆ, ಸೌತೆಕಾಯಿ, ಟೊಮೆಟೊ, ಮೀನಿನಂಥ ಪಟ್ಟಿ ಮಾಡಿದ ಆಹಾರಗಳಿಗೆ ಲಾಟ್ ಕೋಡ್ ಕೊಟ್ಟು, ಅದು ಕೈಯಿಂದ ಕೈಗೆ ಹೋದಂತೆಲ್ಲ ಜತೆಗೇ ಸಾಗಿಸಬೇಕು. ಎಫ್‌ಡಿಎ ಕೇಳಿದರೆ 24 ಗಂಟೆಯೊಳಗೆ ಮಾಹಿತಿ ಕೊಡಬೇಕು. ಇದು 2026ರ ಜನವರಿಯಿಂದ ಜಾರಿಯಾಗಬೇಕಿತ್ತು, ಉದ್ಯಮದವರಿಗೆ ಹೊಂದಿಕೊಳ್ಳಲು ಸಮಯ ಸಾಲದೆ 2028ರ ಜುಲೈಗೆ ಮುಂದಕ್ಕೆ ಹೋಗಿದೆ. ನಮ್ಮ ಪ್ರೀತಿಯ ಮಸಾಲೆಗಳು ಆ ಪಟ್ಟಿಯಲ್ಲಿಲ್ಲ ಅನ್ನೋದನ್ನೂ ಗಮನಿಸಿ.

ಭಾರತದಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲಿ ಆಹಾರ ರೀಕಾಲ್ ನಿಯಮಗಳನ್ನು ಹೊರಡಿಸಿದೆ. ಇಲ್ಲಿಗೆ ರಫ್ತು ಮಾಡುವ ನಮ್ಮೂರಿನ ಸಣ್ಣ ಉದ್ಯಮಗಳಿಗೆ ಈ ಎರಡೂ ಕಡೆಯ ಅಗತ್ಯ ಒಂದೇ: ಯಾವ ಮೂಟೆ ಎಲ್ಲಿಂದ ಬಂತು ಅನ್ನೋ ಉತ್ತರ.

ಹಳೆ ಕಾರು ಕೊಳ್ಳುವವರಿಗೆ

ರೀಕಾಲ್ ಅಂದರೆ ಊಟದ್ದು ಮಾತ್ರ ಅಲ್ಲ. ಟಕಾಟಾ ಕಂಪನಿಯ ಏರ್‌ಬ್ಯಾಗ್‌ಗಳ ರೀಕಾಲ್ ಅಮೆರಿಕದ ಇತಿಹಾಸದಲ್ಲೇ ದೊಡ್ಡದು, ಸುಮಾರು 6.7 ಕೋಟಿ ಇನ್‌ಫ್ಲೇಟರುಗಳು. ಬಿಸಿಲು, ತೇವ, ವಯಸ್ಸು ಸೇರಿ ಒಳಗಿನ ರಾಸಾಯನಿಕ ಕೆಟ್ಟು, ಸಣ್ಣ ಅಪಘಾತದಲ್ಲೂ ಲೋಹದ ಚೂರುಗಳು ಸಿಡಿಯಬಲ್ಲವು. ಅಮೆರಿಕದಲ್ಲೇ 20ಕ್ಕೂ ಹೆಚ್ಚು ಜನ ಸತ್ತಿದ್ದಾರೆ.

ಕಾರಿನಲ್ಲಿ ಲಾಟ್ ಬದಲು ಸೀರಿಯಲ್ ನಂಬರ್ ಕೆಲಸ ಮಾಡುತ್ತೆ. ಪ್ರತಿ ಕಾರಿಗೂ 17 ಅಕ್ಷರ ಮತ್ತು ಅಂಕಿಗಳ ವಿಐಎನ್ ಇರುತ್ತೆ, ಯಾವ ಕಾರಿನಲ್ಲಿ ಯಾವ ಭಾಗ ಹೋಯಿತು ಅಂತ ತಯಾರಕರಿಗೆ ಗೊತ್ತು. ಆದರೆ ಕಾರು ಮೂರನೇ, ನಾಲ್ಕನೇ ಕೈಗೆ ಹೋದಾಗ ಪತ್ರ ಹಳೆಯ ವಿಳಾಸಕ್ಕೆ ಹೋಗಬಹುದು. ಕಾರು ಕೊಳ್ಳುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಆ ಮೂರನೇ ಕೈಯವರೇ ಆಗಿರುತ್ತಾರೆ. ಹಳೆ ಕಾರು ಮಾರುವ ಡೀಲರ್ ರೀಕಾಲ್ ರಿಪೇರಿ ಮಾಡಿಸಿಯೇ ಮಾರಬೇಕು ಅನ್ನುವ ಫೆಡರಲ್ ಕಾನೂನು ಇಲ್ಲಿಲ್ಲ. ಆದ್ದರಿಂದ ದುಡ್ಡು ಕೊಡುವ ಮುಂಚೆ ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ವಿಐಎನ್ ಹಾಕಿ ನೋಡಿ, ಎರಡು ನಿಮಿಷದ ಕೆಲಸ. ಟಕಾಟಾ ರಿಪೇರಿ ಉಚಿತ. 2001ರಿಂದ 2003ರ ಕೆಲವು ಹೋಂಡಾ, ಅಕ್ಯುರಾ ಕಾರುಗಳನ್ನು ರಿಪೇರಿಯಾಗದೆ ಓಡಿಸಲೇಬೇಡಿ ಅಂತ ಸರ್ಕಾರವೇ ಹೇಳಿದೆ.

ಈ ಕೆಲಸಕ್ಕೆ ಹೋಗುವವರಿಗೆ, ಮನೆಯಲ್ಲಿರುವ ನಮಗೆ

ಇಂಟರ್ನ್‌ಶಿಪ್ಪಿಗೋ ಕೆಲಸಕ್ಕೋ ಇಂಥ ಕಂಪನಿಗೆ ಹೋಗುವವರು ಒಂದು ಪ್ರಶ್ನೆ ಕೇಳಿ ನೋಡಿ: ಕೊನೆಯ ಬಾರಿ ಅಣಕು ರೀಕಾಲ್ ಯಾವಾಗ ಮಾಡಿದಿರಿ? ಅಂದರೆ ಯಾವುದೋ ಒಂದು ಲಾಟ್ ಆರಿಸಿ, ಅದು ಕೆಟ್ಟಿದೆ ಅಂದುಕೊಂಡು, ಹಿಂದಕ್ಕೂ ಮುಂದಕ್ಕೂ ಹುಡುಕಿ, ತೂಕ ತಾಳೆ ನೋಡುವ ಕಸರತ್ತು. ಬೆಂಕಿ ಅವಘಡದ ಡ್ರಿಲ್ ಇದ್ದ ಹಾಗೆ. ಅದನ್ನು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಮಾಡಿದರೆ ಸಾಲದು, ಶುಕ್ರವಾರ ರಾತ್ರಿ ಪಾಳಿಯಲ್ಲೂ ಮಾಡಬೇಕು. ಸರಪಳಿ ಎಲ್ಲಿ ಕಡಿಯುತ್ತೆ ಅನ್ನೋದು ಆಗ ಗೊತ್ತಾಗುತ್ತೆ. ಸ್ಕ್ರೀನ್ ವಿನ್ಯಾಸ ಮಾಡುವವರು ಕೈಗವಸು ಹಾಕಿಕೊಂಡು, ಹಿಂದೆ ಲಾರಿ ಹಾರ್ನ್ ಹೊಡೆಯುತ್ತಿರುವಾಗ, ಮೂಟೆ ಇಳಿಸುವವರು ಅದನ್ನು ಹೇಗೆ ತುಂಬುತ್ತಾರೆ ಅಂತ ಒಂದು ದಿನ ನಿಂತು ನೋಡಬೇಕು. ಹತ್ತು ಖಾನೆ ತುಂಬಬೇಕು ಅಂದರೆ ಒಂದನ್ನೂ ಸರಿಯಾಗಿ ತುಂಬಲ್ಲ. ಒಂದು ಸ್ಕ್ಯಾನ್‌ನಲ್ಲಿ ಮುಗಿದರೆ ತುಂಬುತ್ತಾರೆ.

ಇನ್ನು ನಮ್ಮ ಅಡುಗೆಮನೆ. ನಾವು ಏನು ಮಾಡ್ತೀವಿ? ಪಟೇಲ್ ಸ್ಟೋರಿನಿಂದ ತಂದ ಪುಡಿಯನ್ನು ಸ್ಟೀಲ್ ಡಬ್ಬಿಗೋ ಗಾಜಿನ ಬಾಟಲಿಗೋ ಸುರಿದು ಪೊಟ್ಟಣವನ್ನು ಕಸಕ್ಕೆ ಹಾಕ್ತೀವಿ. ಹಳೇ ಪುಡಿ ಸ್ವಲ್ಪ ಉಳಿದಿದ್ದರೆ ಅದರ ಮೇಲೇ ಹೊಸದನ್ನು ಸುರೀತೀವಿ. ಕಾರ್ಖಾನೆಯ ಭಾಷೆಯಲ್ಲಿ ಹೇಳೋದಾದರೆ, ದಾಖಲೆ ಇಲ್ಲದ ರೀವರ್ಕ್! ರೈತನಿಂದ ಇಲ್ಲಿಯವರೆಗೆ ಹತ್ತು ಕೈ ದಾಟಿ ಬಂದ ಲಾಟ್ ನಂಬರ್ ನಮ್ಮ ಕಸದ ಬುಟ್ಟಿಯಲ್ಲಿ ಕೊನೆಯಾಗುತ್ತೆ. 2006ರಲ್ಲಿ ಪಿ227ಎ ಸಿಕ್ಕಿದ್ದು ಯಾರೋ ಅರ್ಧ ಪ್ಯಾಕೆಟ್ಟನ್ನು ಹಾಗೇ ಫ್ರಿಜ್ಜಿನಲ್ಲಿ ಇಟ್ಟಿದ್ದರಿಂದ ಅನ್ನೋದು ನೆನಪಿರಲಿ.

ಪೊಟ್ಟಣದ ಆ ತುದಿಯನ್ನು, ಹೆಸರು, ಲಾಟ್ ನಂಬರ್, ದಿನಾಂಕ ಇರುವ ಭಾಗವನ್ನು, ಕತ್ತರಿಸಿ ಡಬ್ಬಿಯ ಮುಚ್ಚಳಕ್ಕೆ ಟೇಪ್ ಹಾಕಿ ಅಂಟಿಸಿ. ಅಥವಾ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹೊಸದನ್ನು ಸುರಿಯುವ ಮುಂಚೆ ಹಳೆಯದನ್ನು ಮುಗಿಸಿ, ಡಬ್ಬಿ ತೊಳೆದು ಒಣಗಿಸಿ. ಮುಂದಿನ ಸಲ ವಾಟ್ಸಾಪ್ ಗುಂಪಿನಲ್ಲಿ ರೀಕಾಲ್ ಸುದ್ದಿ ಬಂದಾಗ ಅದರೊಳಗೆ ಲಾಟ್ ನಂಬರ್ ಇದೆಯಾ ನೋಡಿ, ಇಲ್ಲದಿದ್ದರೆ ಎಫ್‌ಡಿಎ ತಾಣದಿಂದ ಹುಡುಕಿ ಗುಂಪಿಗೆ ಹಾಕಿ. "ನಮ್ಮನೇಲಿರೋದು ಅದೇನಾ?" ಅಂತ ಕೇಳಿದ ಜೂನಿಯರಿಗೆ ಆಗ ಹೌದು ಅಥವಾ ಅಲ್ಲ ಅಂತ ಹೇಳೋಕಾಗುತ್ತೆ.